ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬಬಹುದೇ? ಕೋವಿ ಪರವಾನಗಿದಾರರು ತಿಳಿದಿರಬೇಕಾದ ಸಂಗತಿಗಳು

ತಿಪ್ಪಸಂದ್ರ (ಮಾಗಡಿ ತಾಲ್ಲೂಕು): ರಾಗಿ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಹೊಲಕ್ಕೆ ಇಳಿಯುತ್ತದೆ. ಹಂದಿ ತಿನ್ನುವುದಕ್ಕಿಂತ ತುಳಿದು ಕೆಡಿಸುವುದೇ ಹೆಚ್ಚು. ಬೆಂಗಳೂರಿನ ಎಚ್.ಎ.ಎಲ್. ಬಳಿಯ ತಿಪ್ಪಸಂದ್ರ ಬಡಾವಣೆಯನ್ನಷ್ಟೇ ಬಲ್ಲ ನಗರವಾಸಿಗಳಿಗೆ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಈ ಸಂಕಟ ಅಪರಿಚಿತವಿರಬಹುದು. 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ಬೆಳೆ ಕಾವಲು ರೈತನ ದುಡಿಮೆಯ ಒಂದು ಭಾಗವೇ ಆಗಿದೆ. ಆ ಕಾವಲಿಗೆ ಬಳಕೆಯಾಗುವ ಸಾಧನಗಳಲ್ಲಿ ಪರವಾನಗಿ ಪಡೆದ ಕೋವಿಯೂ ಒಂದು.

ಕೋವಿ ಒಮ್ಮೆ ಕೊಂಡರೆ ತಲೆಮಾರುಗಳ ಕಾಲ ಬರುತ್ತದೆ. ತೋಟೆ ಮಾತ್ರ ಪ್ರತಿ ಈಡಿಗೂ ಹೊಸದೇ ಬೇಕು. ಹಾರಿಸಿದ ಬಳಿಕ ಕೈಯಲ್ಲಿ ಉಳಿಯುವ ಖಾಲಿ ಕವಚವನ್ನು ಕಂಡಾಗ, ಇದಕ್ಕೇ ಮತ್ತೆ ಮದ್ದು, ಚರೆ ತುಂಬಿದರೆ ಖರ್ಚು ಉಳಿಯದೇ ಎಂಬ ಯೋಚನೆ ಬರುವುದು ಸಹಜ. ವಿದೇಶಗಳ ಹವ್ಯಾಸಿಗಳು ಮನೆಯ ಮೇಜಿನ ಮೇಲೆ ಈ ಕೆಲಸ ಮಾಡುವ ವಿಡಿಯೋಗಳು ಅಂತರ್ಜಾಲದಲ್ಲಿ ಧಾರಾಳವಾಗಿ ದೊರೆಯುವುದರಿಂದ ಇದು ಸಾಮಾನ್ಯ ಕೈಕೆಲಸವೆಂಬ ಭಾವನೆಯೂ ಹರಡಿದೆ. ಆದರೆ ಭಾರತದಲ್ಲಿ ಕೋವಿಯ ಪರವಾನಗಿ ಬೇರೆ, ತೋಟೆ ತಯಾರಿಸುವ ಪರವಾನಗಿ ಬೇರೆ. ಮೊದಲನೆಯದನ್ನು ಇಟ್ಟುಕೊಂಡು ಎರಡನೆಯ ಕೆಲಸ ಮಾಡಿದವರಿಗೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ.

ತೋಟೆಯಲ್ಲಿ ಏನೇನಿರುತ್ತದೆ?

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಕೋವಿ. ನಳಿಕೆಯ ಬಾಯಿಂದ ಮದ್ದು ಸುರಿದು, ಗಜದಿಂದ ಗಟ್ಟಿಸಿ, ಹಿಂಬದಿಯಲ್ಲಿ ಕೇಪು ಇಟ್ಟು ಹಾರಿಸುವುದು ಕೇಪು ಕೋವಿ. ಸಿದ್ಧ ತೋಟೆಯನ್ನು ನಳಿಕೆಯ ಹಿಂಭಾಗದಲ್ಲಿ ಇಟ್ಟು ಹಾರಿಸುವುದು ತೋಟೆ ಕೋವಿ. ಇದರಲ್ಲಿ ಒಂಟಿ ನಳಿಕೆ, ಜೋಡಿ ನಳಿಕೆ ಎಂಬ ಭೇದಗಳಿವೆ. ಜನಸಾಮಾನ್ಯರ ಬಳಿ ಇರುವ ತೋಟೆ ಕೋವಿಗಳ ಪೈಕಿ 12 ಬೋರ್‌ನದು ಅತ್ಯಂತ ಪರಿಚಿತ. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ ಪ್ರತಿ ಗುಂಡಿನ ವ್ಯಾಸ ಎಷ್ಟಾಗುವುದೋ ಅಷ್ಟು ಅಗಲದ ನಳಿಕೆ ಎಂಬುದು ಈ ಅಂಕಿಯ ಮೂಲಾರ್ಥ. ಅದು ಸುಮಾರು 18.5 ಮಿ.ಮೀ. ಆಗುತ್ತದೆ.

ತೋಟೆಯೊಂದರಲ್ಲಿ ಮುಖ್ಯವಾಗಿ ಐದು ಅಂಗಗಳಿರುತ್ತವೆ:

* ಕವಚ: ಹಿಂದೆ ಹಿತ್ತಾಳೆ ಅಥವಾ ದಪ್ಪ ಕಾಗದದ್ದು, ಈಗ ಬಹುಪಾಲು ಪ್ಲಾಸ್ಟಿಕ್, ಬುಡಕ್ಕೆ ಲೋಹ.
* ಕೇಪು: ಬುಡದ ನಡುವೆ ಕೂರುವ ಪುಟ್ಟ ಲೋಹದ ಬಟ್ಟಲು. ಪೆಟ್ಟು ಬಿದ್ದೊಡನೆ ಕಿಡಿ ಹೊರಡಿಸುವ ಸ್ಫೋಟಕ ಇದರಲ್ಲಿದೆ.
* ಮದ್ದು: ಉರಿದು ಅನಿಲವಾಗಿ ಒತ್ತಡ ಉಂಟುಮಾಡುವ ಪುಡಿ.
* ಬಿರಡೆ: ಮದ್ದನ್ನೂ ಚರೆಯನ್ನೂ ಬೇರ್ಪಡಿಸುವ ಅಡ್ಡಪದರ.
* ಚರೆ ಅಥವಾ ಗುಂಡು: ಗುರಿಯತ್ತ ಹಾರುವ ಸೀಸ.

ಭಾರತದಲ್ಲಿ 12 ಬೋರ್ ತೋಟೆಗಳನ್ನು ಪುಣೆ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆ ಬಹುಕಾಲದಿಂದ ತಯಾರಿಸುತ್ತ ಬಂದಿದೆ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿ ರದ್ದಾಗಿ ಏಳು ಸರ್ಕಾರಿ ಕಂಪನಿಗಳು ಅಸ್ತಿತ್ವಕ್ಕೆ ಬಂದ ನಂತರ ಈ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ.

ಮರುತುಂಬಿಕೆ ಎಂದರೇನು?

ಹಾರಿದ ತೋಟೆಯಲ್ಲಿ ಸುಟ್ಟುಹೋಗುವುದು ಕೇಪಿನ ಸ್ಫೋಟಕ ಮತ್ತು ಮದ್ದು; ಹೊರಹೋಗುವುದು ಬಿರಡೆ ಮತ್ತು ಚರೆ. ಕವಚ ಮಾತ್ರ ಉಳಿಯುತ್ತದೆ. ಬಳಸಿದ ಕೇಪನ್ನು ತೆಗೆದು, ಉಬ್ಬಿದ ಕವಚವನ್ನು ಮೂಲ ಅಳತೆಗೆ ತಂದು, ಹೊಸ ಕೇಪು, ಮದ್ದು, ಬಿರಡೆ, ಚರೆಗಳನ್ನು ಸೇರಿಸಿ ಬಾಯಿ ಮುಚ್ಚುವುದೇ ಮರುತುಂಬಿಕೆ. ಅಮೆರಿಕದಲ್ಲಿ ಗುರಿಕಾರರು, ಬೇಟೆಗಾರರು ಇದನ್ನು ಹವ್ಯಾಸವಾಗಿ ಮಾಡುತ್ತಾರೆ. ಅಲ್ಲಿನ ಫೆಡರಲ್ ಕಾನೂನಿನಂತೆ ಸ್ವಂತ ಬಳಕೆಗೆ ತುಂಬಿಕೊಳ್ಳಲು ಪರವಾನಗಿ ಬೇಡ. ಮಾರಾಟಕ್ಕೆ ತಯಾರಿಸುವವರಿಗೆ ಮಾತ್ರ ಬೇಕು. ಬ್ರಿಟನ್‌ನಲ್ಲಿ 2006ರ ಕಾಯ್ದೆಯೊಂದು ಕೆಲವು ಬಗೆಯ ಕೇಪುಗಳ ಖರೀದಿಗೇ ನಿರ್ಬಂಧ ಹಾಕಿದೆ. ಆ ದೇಶಗಳಲ್ಲೂ ತಯಾರಕರು ಪ್ರಕಟಿಸಿದ ಅಳತೆ ಕೋಷ್ಟಕ, ಪರೀಕ್ಷಿತ ಮದ್ದು, ನಿಖರವಾದ ತಕ್ಕಡಿ ಇಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕುವುದಿಲ್ಲ. ಅವರ ವಿಡಿಯೋ ನಮ್ಮಲ್ಲಿಗೆ ತಲುಪುತ್ತದೆ. ಅವರ ಕಾನೂನು, ಸಲಕರಣೆಗಳು ತಲುಪುವುದಿಲ್ಲ.

ಕಾನೂನಿನ ದೃಷ್ಟಿಯಲ್ಲಿ

ಭಾರತದಲ್ಲಿ ಈ ವಿಷಯಕ್ಕೆ ಆಧಾರ 1959ರ ಶಸ್ತ್ರಾಸ್ತ್ರ ಕಾಯ್ದೆ. 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಇದು ಬ್ರಿಟಿಷರ ಕಾಲದ 1878ರ ಕಾಯ್ದೆಯ ಸ್ಥಾನಕ್ಕೆ ಬಂದಿತು. ಇದರ ಅಡಿಯ ನಿಯಮಗಳನ್ನು 2016ರಲ್ಲಿ ಹೊಸದಾಗಿ ರೂಪಿಸಲಾಯಿತು.

ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡು ಎಂಬ ಪದಕ್ಕೆ ವ್ಯಾಪಕವಾದ ಅರ್ಥವಿದೆ. ಸಿದ್ಧ ತೋಟೆ ಮಾತ್ರವಲ್ಲ, ಬಂದೂಕಿಗೆ ತುಂಬುವ ಮದ್ದಿನ ಪ್ರಮಾಣ, ಅದಕ್ಕೆ ಬೇಕಾದ ಪರಿಕರ, ಮದ್ದುಗುಂಡಿನ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಇವೆಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ತೋಟೆ ಇನ್ನೂ ಪೂರ್ತಿ ಆಗಿರಲಿಲ್ಲ ಎಂಬ ಸಮಜಾಯಿಷಿಗೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ.

3ನೇ ಕಲಮು ಕೋವಿ, ಮದ್ದುಗುಂಡು ಹೊಂದುವುದಕ್ಕೆ ಸಂಬಂಧಿಸಿದ್ದು. ತಯಾರಿಕೆ, ಮಾರಾಟ, ವರ್ಗಾವಣೆ, ಮಾರ್ಪಾಡು, ದುರಸ್ತಿ ಮತ್ತು ಪರೀಕ್ಷೆಗೆ 5ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಬೇಕು. ರೈತನ ಅಥವಾ ಕ್ರೀಡಾಪಟುವಿನ ಕೈಯಲ್ಲಿರುವುದು ಮೊದಲ ಬಗೆಯದು. ಅದರಲ್ಲಿ ನಮೂದಾದ ಕೋವಿಯನ್ನು ಇಟ್ಟುಕೊಳ್ಳಲು ಮತ್ತು ನಿಗದಿತ ಸಂಖ್ಯೆಯ ತೋಟೆಗಳನ್ನು ಅಧಿಕೃತ ವ್ಯಾಪಾರಿಯಿಂದ ಕೊಳ್ಳಲು ಅವಕಾಶವಿದೆಯೇ ಹೊರತು ತಯಾರಿಸಲು ಇಲ್ಲ.

ಶಿಕ್ಷೆಯ ಪ್ರಮಾಣ 2019ರ ತಿದ್ದುಪಡಿಯಿಂದ ಬಹಳ ಹೆಚ್ಚಿದೆ. ಆ ವರ್ಷದ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ:

* ಪರವಾನಗಿಯಿಲ್ಲದ ತಯಾರಿಕೆ, ಮಾರಾಟಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ದಂಡ. ಹಿಂದೆ ಇದು 3ರಿಂದ 7 ವರ್ಷವಿತ್ತು.
* ಪರವಾನಗಿಯಿಲ್ಲದೆ ಕೋವಿ ಅಥವಾ ಮದ್ದುಗುಂಡು ಹೊಂದಿದ್ದರೆ 2ರಿಂದ 5 ವರ್ಷ ಸೆರೆವಾಸ ಮತ್ತು ದಂಡ.
* ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಕೆ.
* ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಕೆ.
* ಮದುವೆ, ಮೆರವಣಿಗೆಗಳಲ್ಲಿ ಜನರಿಗೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಹಾಗಿದ್ದರೆ ನೆನಪಿಗೆಂದು ಇಟ್ಟುಕೊಂಡ ಒಂದು ಖಾಲಿ ಕವಚವೂ ಅಪರಾಧವೇ? ಇದಕ್ಕೆ 45ನೇ ಕಲಮಿನಲ್ಲಿ ಉತ್ತರವಿದೆ. ಪೂರಕ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಷೋಕೇಸಿನಲ್ಲಿರುವ ಖಾಲಿ ಕವಚ ಒಂದು ಮಾತು. ಅದೇ ಕವಚದ ಪಕ್ಕದಲ್ಲಿ ಕೇಪು, ಮದ್ದು, ಚರೆ ದೊರೆತರೆ ಮಾತೇ ಬೇರೆ.

ಕೇಪು ಕೋವಿಯ ವಿಚಾರ

ಕೇಪು ಕೋವಿಗೆ ಪ್ರತಿ ಬಾರಿಯೂ ಮದ್ದು ತುಂಬಲೇಬೇಕು. ಅದು ಆ ಕೋವಿಯ ಬಳಕೆಯ ಕ್ರಮವೇ ಆಗಿರುವುದರಿಂದ ತೋಟೆ ತಯಾರಿಕೆಯೊಂದಿಗೆ ಬೆರೆಸಬಾರದು. ಆದರೆ ಈ ಕೋವಿಗೂ ಪರವಾನಗಿ ಕಡ್ಡಾಯ. ಮದ್ದು ಮತ್ತು ಕೇಪನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಮನೆಯಲ್ಲಿ ಮದ್ದು ಅರೆಯುವ ಹಳೆಯ ರೂಢಿ 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ಕೊಡಗಿನವರಿಗೆ ಎಲ್ಲ ವಿನಾಯಿತಿ ಇದೆಯೆಂಬ ನಂಬಿಕೆಯೂ ಉಂಟು. ಕೊಡವರಿಗೆ ಹಾಗೂ ಜಮ್ಮಾ ಭೂಮಿ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ವಜಾಗೊಳಿಸಿದ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿಯನ್ನು ಹೊಂದುವ ಮತ್ತು ಒಯ್ಯುವ ವಿನಾಯಿತಿ. ಮದ್ದುಗುಂಡು ತಯಾರಿಕೆಯ ಅನುಮತಿ ಅಲ್ಲ.

ಅಪಾಯ ಎಲ್ಲಿದೆ?

ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಮನೆಯ ಮರುತುಂಬಿಕೆ ಕೈ, ಕಣ್ಣುಗಳನ್ನು ಪಣಕ್ಕಿಡುವ ಕೆಲಸ. ಹಳೆಯ ಕಪ್ಪುಮದ್ದು ಮತ್ತು ಇಂದಿನ ಹೊಗೆರಹಿತ ಮದ್ದು ಎರಡೂ ನೋಟಕ್ಕೆ ಪುಡಿಯೇ. ಆದರೆ ಒಂದರ ಅಳತೆ ಇನ್ನೊಂದಕ್ಕೆ ಸಲ್ಲದು. ಹೊಗೆರಹಿತ ಮದ್ದಿನಲ್ಲಿ ಪ್ರಮಾಣ ತುಸು ಹೆಚ್ಚಿದರೂ ಒತ್ತಡ ಬಹುಪಾಲು ಏರುತ್ತದೆ. ಕಪ್ಪುಮದ್ದಿನ ಒತ್ತಡಕ್ಕೆಂದು ಮಾಡಿದ ಹಳೆಯ ನಳಿಕೆಗಳು ಅದನ್ನು ತಾಳಲಾರದೆ ಒಡೆಯಬಹುದು. ಹಾಗೆ ಒಡೆದಾಗ ಚೂರುಗಳು ಸಿಡಿಯುವುದು ಹಾರಿಸುವವನ ಮುಖ ಮತ್ತು ಎಡಗೈಯ ಸಮೀಪದಲ್ಲೇ.

ಮದ್ದು ಕಡಿಮೆಯಾದರೂ ಅಪಾಯ ತಪ್ಪಿದ್ದಲ್ಲ. ಬಲ ಸಾಲದೆ ಬಿರಡೆ ನಳಿಕೆಯ ನಡುವೆ ಸಿಕ್ಕಿಕೊಳ್ಳಬಹುದು. ಅದನ್ನು ಗಮನಿಸದೆ ಮುಂದಿನ ಈಡು ಹಾರಿಸಿದರೆ ನಳಿಕೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಕೇಪಿನ ಸ್ಫೋಟಕವು ಪೆಟ್ಟು, ಉಜ್ಜಾಟ, ಶಾಖಕ್ಕೆ ಬೇಗ ಸಿಡಿಯುವ ಗುಣದ್ದು. ಸೀಸ ಕರಗಿಸಿ ಚರೆ ಎರಕ ಹೊಯ್ಯುವ ಮನೆಗಳಲ್ಲಿ ಆ ಹೊಗೆ, ಧೂಳು ಮೈಸೇರಿ ಮಕ್ಕಳ ಮೆದುಳಿನ ಬೆಳವಣಿಗೆಗೆ ಕುಂದು ತರಬಲ್ಲದು. ಹಲವು ಸಲ ಬಳಸಿದ ಪ್ಲಾಸ್ಟಿಕ್ ಕವಚ ಬಾಯಲ್ಲಿ ಬಿರಿಯುತ್ತದೆ. ಹಿತ್ತಾಳೆಯ ಕವಚದ ಬುಡ ಸೀಳುತ್ತದೆ. ಸೀಳಿನಿಂದ ನುಗ್ಗುವ ಬಿಸಿ ಅನಿಲ ಹಿಂದಕ್ಕೇ ಬರುತ್ತದೆ.

ಇದಕ್ಕಿಂತ ಕ್ರೂರವಾದುದು ಹಂದಿಗೆಂದು ಇಡುವ ಮದ್ದಿನ ಉಂಡೆ. ಕಚ್ಚಿದೊಡನೆ ಸಿಡಿಯುವ ಈ ಉಂಡೆಗೆ ಹಂದಿಯೊಂದೇ ಬಲಿಯಲ್ಲ. ಮೇಯಲು ಬಂದ ಹಸು, ಊರ ನಾಯಿ, ಆನೆಗಳೂ ದವಡೆ ಕಳೆದುಕೊಳ್ಳುತ್ತವೆ. ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ 2020ರ ಮೇ ತಿಂಗಳಲ್ಲಿ ಗರ್ಭಿಣಿ ಆನೆಯೊಂದು ಬಾಯಲ್ಲಿ ಸಿಡಿಮದ್ದು ಸಿಡಿದು, ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟ ಪ್ರಕರಣ ದೇಶದ ಗಮನ ಸೆಳೆದಿತ್ತು. ಇಂಥ ಕೃತ್ಯಗಳಿಗೆ 1908ರ ಸ್ಫೋಟಕ ವಸ್ತುಗಳ ಕಾಯ್ದೆಯೂ ಅನ್ವಯವಾಗುತ್ತದೆ.

ಸರಿಯಾದ ದಾರಿ: ಪರವಾನಗಿ ಪಡೆಯುವ ಬಗೆ

ಬೆಳೆ ರಕ್ಷಣೆಗೆ ಕೋವಿ ಪಡೆಯಲು ಕಾನೂನು ಅಡ್ಡಿಯಾಗಿಲ್ಲ. ನೈಜ ಬೆಳೆ ರಕ್ಷಣೆಗೆ ಕೇಪು ಕೋವಿ, ಆತ್ಮರಕ್ಷಣೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಕೆಯ ಕೋವಿ ಕೇಳುವ ನಾಗರಿಕನ ಅರ್ಜಿಯನ್ನು 13ನೇ ಕಲಮು ವಿಶೇಷವಾಗಿ ಪರಿಗಣಿಸುತ್ತದೆ. ಕೇಪು ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆ ರಕ್ಷಣೆಗೂ ಬೇರೆ ನಯ ನಳಿಕೆಯ ಕೋವಿಗೆ ಪರವಾನಗಿ ನೀಡಬಹುದು.

* ಅಧಿಕಾರಿ: ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯೂ ಆದ ಜಿಲ್ಲಾಧಿಕಾರಿ, ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್. ತಿಪ್ಪಸಂದ್ರದವರು ರಾಮನಗರದಲ್ಲಿರುವ ಜಿಲ್ಲಾಧಿಕಾರಿ ಕಚೇರಿಯನ್ನು ಸಂಪರ್ಕಿಸಬೇಕು.
* ವಯಸ್ಸು: 21 ತುಂಬಿರಬೇಕು.
* ಅರ್ಜಿ: ವೈಯಕ್ತಿಕ ಅರ್ಜಿಗೆ ಎ-1 ನಮೂನೆ.
* ದಾಖಲೆ: ಗುರುತು, ವಯಸ್ಸು, ವಿಳಾಸದ ಪುರಾವೆ, ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುವ ವ್ಯವಸ್ಥೆಯ ವಿವರ, ಬೆಳೆ ರಕ್ಷಣೆಗಾದರೆ ಜಮೀನಿನ ಪಹಣಿ.
* ತರಬೇತಿ: ಕೋವಿ ಮತ್ತು ಮದ್ದುಗುಂಡುಗಳ ಸುರಕ್ಷಿತ ಬಳಕೆಯ ತರಬೇತಿಯನ್ನು 2016ರ ನಿಯಮಗಳು ಸೇರಿಸಿವೆ.
* ಪರಿಶೀಲನೆ: ವ್ಯಾಪ್ತಿಯ ಪೊಲೀಸ್ ಠಾಣೆಯ ವರದಿಯ ನಂತರವೇ ತೀರ್ಮಾನ. ನಿರಾಕರಿಸಿದರೆ 18ನೇ ಕಲಮಿನಡಿ ಮೇಲ್ಮನವಿಗೆ ಅವಕಾಶ.

ಪ್ರತಿ ಪರವಾನಗಿದಾರನಿಗೂ ರಾಷ್ಟ್ರೀಯ ದತ್ತಾಂಶ ಕೋಶದಲ್ಲಿ ವಿಶಿಷ್ಟ ಗುರುತು ಸಂಖ್ಯೆ ಇರುತ್ತದೆ. ಹಳೆಯ ಪುಸ್ತಕ ಮಾತ್ರ ಇಟ್ಟುಕೊಂಡವರು ಈ ಸಂಖ್ಯೆ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳಿತು. ಕೊಂಡ ತೋಟೆಗಳ ಸಂಖ್ಯೆ ಪರವಾನಗಿಯಲ್ಲಿ ನಮೂದಾಗುವುದರಿಂದ, ಲೆಕ್ಕಕ್ಕಿಂತ ಹೆಚ್ಚು ತೋಟೆ ಮನೆಯಲ್ಲಿ ಸಿಕ್ಕರೆ ಅವು ಎಲ್ಲಿಂದ ಬಂದವೆಂಬ ಪ್ರಶ್ನೆ ಏಳುತ್ತದೆ. ಮರುತುಂಬಿದವರಿಗೆ ಆ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಅಜ್ಜನ ಕೋವಿ, ಅಟ್ಟದ ತೋಟೆ

ಊರಿನ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕೋವಿ, ಡಬ್ಬಿಯಲ್ಲಿ ಹಳೆಯ ತೋಟೆ ಸಿಗುವುದು ನಗರದಲ್ಲಿ ನೆಲೆಸಿದ ಅನೇಕ ಕುಟುಂಬಗಳ ಅನುಭವ. ಪರವಾನಗಿದಾರ ತೀರಿಕೊಂಡರೆ ಪರವಾನಗಿ ತಾನಾಗಿ ಮಕ್ಕಳಿಗೆ ಬರುವುದಿಲ್ಲ. ಅಂಥ ಕೋವಿ ಮತ್ತು ತೋಟೆಗಳನ್ನು 21ನೇ ಕಲಮಿನಂತೆ ವಿಳಂಬ ಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಬಳಿಕ ವಾರಸುದಾರರೊಬ್ಬರು ತಮ್ಮ ಹೆಸರಿಗೆ ಅರ್ಜಿ ಸಲ್ಲಿಸಬಹುದು. ಪರವಾನಗಿದಾರ 70 ವರ್ಷ ತಲುಪಿದ್ದರೆ ಅಥವಾ 25 ವರ್ಷ ಕೋವಿ ಹೊಂದಿದ್ದರೆ ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ.

ಹಳೆಯ ತೋಟೆಯನ್ನು ಬಿಚ್ಚಿ ಮದ್ದು ತೆಗೆಯುವುದು, ಬೆಂಕಿಗೆ ಹಾಕುವುದು, ಕೆಲಸ ಮಾಡುತ್ತದೆಯೇ ಎಂದು ಹಾರಿಸಿ ನೋಡುವುದು ಯಾವುದೂ ಸಲ್ಲದು. ಬ್ಯಾಗಿನ ಮೂಲೆಯಲ್ಲಿ ಮರೆತ ತೋಟೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ ಮೊಕದ್ದಮೆ ಎದುರಿಸಿದವರಿದ್ದಾರೆ. ವಸ್ತು ತನ್ನ ಬಳಿ ಇದೆಯೆಂಬ ಅರಿವು ಈ ಅಪರಾಧಕ್ಕೆ ಅಗತ್ಯವೆಂದು ಸುಪ್ರೀಂ ಕೋರ್ಟ್ 1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದ್ದು, ಅರಿವಿರಲಿಲ್ಲವೆಂದು ತೋರಿಸಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ಕೋವಿ ಇದ್ದರೂ ಹೊಡೆಯುವಂತಿಲ್ಲ

ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಆನೆ, ಚಿರತೆ, ನವಿಲು ಮೊದಲನೆಯದರಲ್ಲಿವೆ. ನಿಂತ ಬೆಳೆಗೆ ಹಾನಿ ಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕೃತ ಅಧಿಕಾರಿ ಕಾರಣ ಸಹಿತ ಲಿಖಿತ ಆದೇಶ ನೀಡಬೇಕು. ಪ್ರಾಣಾಪಾಯದಲ್ಲಿ ತನ್ನ ಅಥವಾ ಇನ್ನೊಬ್ಬರ ರಕ್ಷಣೆಗೆ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ. ಆದರೆ ಬೆಳೆಗೆ ಆ ರಿಯಾಯಿತಿ ಇಲ್ಲ. ನೆರೆಯ ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿತು. ಅಲ್ಲೂ ಹಾರಿಸಬೇಕಾದವರು ಪರವಾನಗಿ ಇರುವ ಕೋವಿಯವರೇ.

ರಾಜ್ಯದಲ್ಲಿ ಬೆಳೆಹಾನಿಯಾದ ರೈತರು ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯ ಮೂಲಕ ಪರಿಹಾರ ಪಡೆಯಬಹುದು. ಹಾನಿಯ ಫೋಟೊ, ಪಹಣಿ, ಬ್ಯಾಂಕ್ ಖಾತೆಯ ವಿವರದೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಬೇಗ ತಿಳಿಸುವುದು ಮುಖ್ಯ. ಇಲಾಖೆಯ ಸಹಾಯವಾಣಿ ಸಂಖ್ಯೆ 1926. ಸೌರಬೇಲಿ ಹಾಕಿಸುವವರು ಅದನ್ನು ನಿಗದಿತ ಉಪಕರಣದಿಂದಲೇ ನಡೆಸಬೇಕು. ಮನೆಯ ವಿದ್ಯುತ್ ತಂತಿಯನ್ನು ನೇರವಾಗಿ ಬೇಲಿಗೆ ಹರಿಸುವುದು ಜನ, ಜಾನುವಾರುಗಳಿಗೆ ಮಾರಕ.

ಗುರಿ ಹವ್ಯಾಸ ಇರುವ ನಗರವಾಸಿಗಳಿಗೆ

ಗುರಿ ಹೊಡೆಯುವ ಆಸಕ್ತಿಯಿಂದ ಮದ್ದಿನ ಪುಡಿಯತ್ತ ನೋಡುವವರಿಗೆ ಸುಲಭವಾದ ಆರಂಭ ಏರ್ ರೈಫಲ್. ಇದರಲ್ಲಿ ಮದ್ದೂ ಇಲ್ಲ, ತೋಟೆಯೂ ಇಲ್ಲ. 4.5 ಮಿ.ಮೀ. ಬೋರ್ ಮೀರದ, 20 ಜೌಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ವರೆಗೆ ಹೋದದ್ದು ಪಿಸ್ತೂಲ್ ವಿಭಾಗದಲ್ಲಿ. ಮುಂದೆ .22 ಬೋರ್ ರೈಫಲ್ ಬೇಕೆನಿಸಿದವರು ಮಾನ್ಯತೆ ಪಡೆದ ರೈಫಲ್ ಕ್ಲಬ್‌ನ ಸದಸ್ಯರಾಗಿ, ಗುರಿ ಅಭ್ಯಾಸಕ್ಕೆಂದು ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯದಲ್ಲಿ ಈ ಕ್ರೀಡೆಯನ್ನು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ನೋಡಿಕೊಳ್ಳುತ್ತದೆ.

ನೆನಪಿಡಬೇಕಾದವು

* ಕೋವಿಯ ಪರವಾನಗಿ ತೋಟೆ ತಯಾರಿಸುವ ಹಕ್ಕು ಕೊಡುವುದಿಲ್ಲ.
* ತೋಟೆಯನ್ನು ಅಧಿಕೃತ ವ್ಯಾಪಾರಿಯಿಂದಲೇ ಕೊಳ್ಳಿ. ರಸೀದಿ ಮತ್ತು ಪರವಾನಗಿಯ ನಮೂದನ್ನು ಕಾಪಾಡಿ.
* ಯಾರೋ ತುಂಬಿಕೊಟ್ಟ ತೋಟೆಯನ್ನು, ಪರಿಚಿತರದ್ದಾದರೂ, ಹಾರಿಸಬೇಡಿ.
* ಕೋವಿ ಮತ್ತು ತೋಟೆಯನ್ನು ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ.
* ಚುನಾವಣೆ ಸಂದರ್ಭದಲ್ಲಿ ಕೋವಿ ಠೇವಣಿ ಇಡುವಂತೆ ಆದೇಶ ಬಂದರೆ ಪಾಲಿಸಿ. ಬೆಳೆ ಕಾವಲಿಗೆ ತೀರಾ ಅಗತ್ಯವಿದ್ದರೆ ಜಿಲ್ಲಾಧಿಕಾರಿಗೆ ಲಿಖಿತ ಮನವಿ ಸಲ್ಲಿಸಿ.
* ಹಳೆಯ, ತುಕ್ಕು ಹಿಡಿದ ಅಥವಾ ಮೂಲ ತಿಳಿಯದ ತೋಟೆ ಕಂಡರೆ ಮುಟ್ಟದೆ 112ಕ್ಕೆ ಅಥವಾ ಹತ್ತಿರದ ಠಾಣೆಗೆ ತಿಳಿಸಿ.